ಎಮ್ಮೆ ಹೋಗಿ ಬೆಕ್ಕು ಬಂದ ಕತೆ

ಎಮ್ಮೆಯನ್ನು ಬೆಕ್ಕು ಮಾಡಿಬಿಟ್ಟರೆ ಯಾರಿಗೂ ಗುರುತು ಹತ್ತುವುದಿಲ್ಲ ಎಂದು ನಂಬಿದ್ದೇ ಕಲ್ಲಿನಾಥ ಮಾಸ್ತರರ ಮೊದಲ ತಪ್ಪು.

ಎದುರುಮನೆಯ ಜಗದೇವಪ್ಪ ಸಾಹುಕಾರರು ಒಂದು ಸಂಜೆ ಕಟ್ಟೆಯ ಮೇಲೆ ಕೂತು, "ಮನ್ಯಾಗ ಹನ್ನೊಂದು ಮಂದಿ ಅದಾರ್ರಿ ಮಾಸ್ತರ. ಆದ್ರ ನನ್ನ ಮಾತು ಕೇಳೋದು ಎಮ್ಮಿ ಒಂದೇ. ಯಾರ ಮುಂದೂ ಹೇಳಬ್ಯಾಡ್ರಿ," ಎಂದಿದ್ದರು. ಮಾಸ್ತರರು ಯಾರ ಮುಂದೆಯೂ ಹೇಳಲಿಲ್ಲ. ಕತೆ ಬರೆದು ಪತ್ರಿಕೆಗೆ ಕಳಿಸಿದರು. ಗುರುತು ಮರೆಸಲು ಆ ಹನ್ನೊಂದು ಮಂದಿಯನ್ನು ತೆಗೆದುಹಾಕಿ, ಎಮ್ಮೆಯ ಜಾಗದಲ್ಲಿ ಬೆಕ್ಕನ್ನು ಕೂಡಿಸಿದರು.

ಅದು ಅಚ್ಚಾಗಿದ್ದು ಎಳ್ಳಮಾಸಿಯ, ಎಂದರೆ ಎಳ್ಳ ಅಮಾವಾಸ್ಯೆಯ ದಿನವೇ. ಅವತ್ತು ಆಳಂದದ ಮಂದಿಯೆಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ, ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತಾರೆ. ಹೊಲ ಇಲ್ಲದವರನ್ನು ಇದ್ದವರು ಕರೆಯುತ್ತಾರೆ. ಹೊಲ, ಹೆಂಡತಿ, ರಿಟೈರಾದ ಮೇಲೆ ನೌಕರಿ, ಮೂರೂ ಇಲ್ಲದ ಮಾಸ್ತರರು ವರ್ಷದಲ್ಲಿ ನಾಲ್ಕು ಜನರ ನಡುವೆ ಕೂತು ಉಣ್ಣುವ ದಿನ ಅದೊಂದೇ. ಒಂಬತ್ತು ವರ್ಷದಿಂದ ಕರೆಯುತ್ತಿದ್ದವರು ಜಗದೇವಪ್ಪನವರೇ.

ಬೆಳಿಗ್ಗೆ ಪಕ್ಕದ ಮನೆಯ ದರ್ಜಿ ಅಬ್ದುಲ್ ಗನಿ ಬಂದು, "ನಿಮ್ಮ ಕತಿ ಓಣಿ ಗ್ರೂಪಿನ್ಯಾಗ ಹಾಕೇನ್ರಿ ಮಾಸ್ತರ್. ಸಾಹುಕಾರ್ರು ಓದಾಕತ್ತಾರ. ಎರಡು ಸಲ ಕನ್ನಡಕ ಒರಸ್ಕೊಂಡ್ರು," ಎಂದ.

ಗನಿ ಅತ್ತ ಹೋದದ್ದೇ ಮಾಸ್ತರರು ಎದ್ದರು. ಫೋನ್ ಬಂದ್ ಮಾಡಿ, ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಹಿತ್ತಲಿನಿಂದ ಒಳಬಂದು ಮಂಚದ ಕೆಳಗೆ ಸೇರಿಕೊಂಡರು. ಗೆಳೆಯ ನಂಬಿ ಹೇಳಿದ ಮಾತನ್ನು ಪೇಪರಿಗೆ ಕೊಟ್ಟೆನಲ್ಲ ಎಂದು ನಾಚಿಕೆಯಾಯಿತು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. "ಮಾಸ್ತರ, ಓದೇನ್ರಿ. ಹೊರಗ ಬರ್ರಿ." ಜಗದೇವಪ್ಪನವರ ದನಿ ನಡುಗುತ್ತಿತ್ತು. ಸಿಟ್ಟಿಗೆ ಎಂದುಕೊಂಡರು ಮಾಸ್ತರರು. ಮೂಗಿಗೆ ಧೂಳು ಏರಿ ಸೀನು ಬಂತು. ದಿಂಬು ಕಚ್ಚಿ ತಡೆದರು.

ಸಾಹುಕಾರರ ಹೆಂಡತಿ ಗುರುಬಾಯಿ ಬಂದರು, ಮೂಲೆಮನೆಯ ಶಾರದಾಬಾಯಿ ಬಂದರು, ಗನಿ ಮತ್ತೆ ಬಂದ. ಬಾಗಿಲಲ್ಲೇ ಗದ್ದಲ ಎದ್ದಿತು. "ಹಿತ್ತಲ ಕಡಿಂದ ನೋಡ್ರಿ," ಎಂದು ಯಾರೋ ಅಂದಾಗ ಮಾಸ್ತರರು ಮಗುವಿನಂತೆ ಅಂಬೆಗಾಲಿಟ್ಟು ಹೋಗಿ ಅಗುಳಿ ಹಾಕಿ ಬಂದರು. ಮೊಣಕಾಲು ತರಚಿತು.

ಹತ್ತು ಗಂಟೆಗೆ ಟ್ರ್ಯಾಕ್ಟರುಗಳು ಹೊರಟು ಓಣಿ ಖಾಲಿಯಾಯಿತು. ಮಧ್ಯಾಹ್ನ ಮಾಸ್ತರರು ನಿನ್ನೆಯ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಕೂತರು. ತಾವು ಅಗಿಯುವ ಸದ್ದು ತಮಗೇ ಕೇಳುತ್ತಿತ್ತು. ಅಳು ಬಂತು.

ಸಂಜೆ ತಡೆಯಲಾಗದೆ, ಹೊಲದಿಂದ ಮರಳಿದ ಜಗದೇವಪ್ಪನವರ ಮುಂದೆ ಹೋಗಿ ನಿಂತರು. "ತಪ್ಪಾತ್ರಿ ಸಾಹುಕಾರ್ರ. ನಾ ಬರೀಬಾರದಿತ್ತು."

"ಯಾಕ್ರಿ? ನಿಮ್ಮ ಕತಿ ನೀವು ಬರ್ದೀರಿ. ಒಬ್ಬಂಟಿ ಮನುಷ್ಯಾ, ಬೆಕ್ಕಿನ ಕೂಡ ಮಾತಾಡ್ತಾನ. ಓಣಿ ಮಂದಿಯೆಲ್ಲ ಅತ್ತೇವಿ. ಮನಿ ತುಂಬ ಜನ ಇಟ್ಕೊಂಡು ನನ್ನ ದುಃಖಾನೇ ದೊಡ್ಡದು ಅಂದ್ಕೊಂಡಿದ್ನಲ್ರಿ ನಾ."

ತಾವು ಬರೆದದ್ದು ಯಾರ ಕತೆಯೆಂಬುದು ಮಾಸ್ತರರಿಗೆ ಆಗ ತಿಳಿಯಿತು.

"ಮತ್ತ ಮುಂಜಾನಿ ಬಾಗಿಲ ಬಡದದ್ದು..." ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡು, "ಮುಂಜಾನಿ ಬಂದಿದ್ರೇನ್ರಿ?" ಎಂದರು.

"ಮೂರು ಮನ್ಯಾರೂ ಕರ್ಯಾಕ ಬಂದಿದ್ದೇವ್ರಿ. ಯಾರ ಹೊಲಕ್ಕ ಒಯ್ಯೋದಂತ ನಮ್ಮೊಳಗೇ ಜಗಳ. ಕಣ್ಣೀರಿನ್ಯಾಗ ಮೊದಲ ಬೀಗ ಕಂಡಿರಲಿಲ್ಲ, ಆಮ್ಯಾಲ ನೋಡಿ ಸಮಾಧಾನ ಆತು. ಮಾಸ್ತರರಿಗೂ ತಮ್ಮವರು ಅಂತ ಯಾರೋ ಅದಾರ, ಕರ್ಕೊಂಡು ಹೋಗ್ಯಾರ ಅಂದ್ವಿ." ಜಗದೇವಪ್ಪನವರು ಅವರ ಎರಡೂ ಕೈ ಹಿಡಿದುಕೊಂಡರು. "ಇನ್ನ ಮ್ಯಾಲ ವರ್ಷಾ ಅವರ ಕಡೀನೇ ಹೋಗ್ರಿ. ನಾವು ಕರದು ನಡುವ ಬರಂಗಿಲ್ಲ. ಅಂದಂಗ, ಅವರ ಭಜ್ಜಿ ಹೆಂಗಿತ್ರಿ?"

"ಚಲೋ ಇತ್ರಿ," ಎಂದರು ಮಾಸ್ತರರು.