ಹೊಗೆ ನಿಂತ ದಿನ

ಲಾಂಡ್ರಿಯ ಚಿಮಣಿಯಿಂದ ಹಾರಿದ ಮಸಿ ಪಕ್ಕದ ಮನೆ ಮೇಷ್ಟ್ರ ಬಿಳಿ ಅಂಗಿಯ ಮೇಲೆ ಕೂತದ್ದೇ ತಡ, ಬಾಯ್ಲರ್ ನೋಡಿಕೊಳ್ಳುತ್ತಿದ್ದ ಬಡಪಾಯಿಯ ಗ್ರಹಚಾರ ಕೆಟ್ಟಿತು. ಬೀದಿಯವರು ಅವನನ್ನು ಕರೆಯುತ್ತಿದ್ದದ್ದೇ ಹೊಗೆಯಣ್ಣ ಅಂತ. ಮೇಷ್ಟ್ರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಲಾಂಡ್ರಿ ಮಾಲೀಕರ ಮುಂದೆ ಹಾರಾಡಿದರು. ಮಾಲೀಕರು ಆ ಸಿಟ್ಟನ್ನೆಲ್ಲ ಹೊಗೆಯಣ್ಣನ ಮೇಲೆ ತೀರಿಸಿಕೊಂಡರು.

"ಇವತ್ತು ಹೊಗೆ ಕಂಡಿತೋ, ನಾಳೆಯಿಂದ ನೀನು ಮನೇಲೇ ಇರು!"

ಮನೆಯಲ್ಲಿರುವುದು ಅಂದರೆ ಇಡೀ ದಿನ ಹೆಂಡತಿಯ ಎದುರಿಗಿರುವುದು. ಹೊಗೆಯಣ್ಣ ಎದ್ದೆನೋ ಬಿದ್ದೆನೋ ಅಂತ ಕಲ್ಲಿದ್ದಲು ಅಂಗಡಿಗೆ ಓಡಿದ.

ಅಂಗಡಿಯವ ನಕ್ಕ. "ನೀನು ಉರಿಸ್ತಿರೋದು ಎಳೇ ಕಲ್ಲಿದ್ದಲು ಕಣಯ್ಯ. ಮೈಯೆಲ್ಲ ನೀರು, ಅನಿಲ. ಬೇಗ ಹತ್ತುತ್ತೆ, ಬುಸ್ಸಂತ ಹೊಗೆ ಬಿಡುತ್ತೆ. ಇದು ನೋಡು, ನೆಲದೊಳಗೆ ಯುಗಗಟ್ಟಲೆ ಬಲಿತದ್ದು. ಹತ್ತೋಕೆ ಸತಾಯಿಸುತ್ತೆ. ಹತ್ತಿದ ಮೇಲೆ ಹೊಗೆ ಇಲ್ಲ, ಬರೀ ಕಾವು."

ಹೊಗೆಯಣ್ಣ ಅದರದೇ ಒಂದು ಮೂಟೆ ಹೊತ್ತು ತಂದು ಬಾಯ್ಲರಿನ ಒಲೆಗೆ ಸುರಿದ. ಸತಾಯಿಸಿತು, ನಿಜವಾಗಲೂ ಸತಾಯಿಸಿತು! ಕಾಗದ ಹಚ್ಚಿದ, ಒಣ ಪುರಳೆ ಕಡ್ಡಿ ತುರುಕಿದ, ಊದಿ ಊದಿ ಕಣ್ಣು ಕೆಂಪಾಯಿತು. ಕಲ್ಲಿದ್ದಲು ಮುನಿಸಿಕೊಂಡ ಅಳಿಯನ ಹಾಗೆ ಕಪ್ಪಗೆ ಕೂತೇ ಇತ್ತು.

ಎದುರಂಗಡಿ ದರ್ಜಿ ಇಣುಕಿದ. "ಅಯ್ಯೋ, ಚಿಮಣಿಯಲ್ಲಿ ಒಂದೆಳೆ ಹೊಗೆ ಇಲ್ಲ! ಬೆಂಕಿ ಆರಿಹೋಗಿದೆ ಮಾರಾಯ, ಇನ್ನಷ್ಟು ಸುರಿ!"

"ಸುರಿ, ಸುರಿ," ಅಂತ ಮೇಷ್ಟ್ರೂ ಬಂದರು. "ಹೊಗೆ ಇಲ್ಲದೆ ಬೆಂಕಿ ಎಲ್ಲಾದರೂ ಉಂಟಾ?"

ಹೊಗೆಯಣ್ಣ ಸುರಿದ. ದರ್ಜಿ ರಟ್ಟು ಹಿಡಿದು ಗಾಳಿ ಹಾಕಿದ. ಆಗಲೂ ಹೊಗೆ ಬರಲಿಲ್ಲ. ನೋಡೇಬಿಡೋಣ ಅಂತ ಮೇಷ್ಟ್ರು ಒಲೆಯ ಬಾಯಿಗೆ ಮುಖ ಒಡ್ಡಿದರು. "ಅಯ್ಯಪ್ಪಾ!" ಅಂತ ಹಿಂದಕ್ಕೆ ಹಾರಿದಾಗ ಅವರ ಅರ್ಧ ಮೀಸೆ ಇರಲಿಲ್ಲ. ಒಳಗೆ ಸಣ್ಣ ನೀಲಿ ಉರಿ, ಕೆಂಡ ನಿಗಿನಿಗಿ ಅನ್ನುತ್ತಿತ್ತು. ಅಷ್ಟರಲ್ಲಿ ಬಾಯ್ಲರಿನ ಆವಿ 'ಕೂ' ಅಂತ ಕೂಗಿಕೊಂಡು ನುಗ್ಗಿತು. ದರ್ಜಿ ಚಪ್ಪಲಿ ಬಿಟ್ಟು ಓಡಿದ. ಹೊಗೆಯಣ್ಣ ಗಾಳಿಕಿಂಡಿಯನ್ನು ಕಾಲಿಂದಲೇ ಒದ್ದು ಮುಚ್ಚಿದ. ಮೆಲ್ಲಗೆ ಒತ್ತಡದ ಮುಳ್ಳು ಇಳಿಯಿತು.

ಹೊರಗೆ ಬಂದು ನೋಡಿದರೆ ಚಿಮಣಿಯ ಮೇಲೆ ಬರೀ ಆಕಾಶ. "ಅಬ್ಬಾ, ಬದುಕಿದೆ!" ಅಂತ ಮೆಟ್ಟಿಲ ಮೇಲೆ ಕುಸಿದು ಕೂತ. ಖುಷಿಗೆ ಕಣ್ಣಲ್ಲಿ ನೀರೇ ಬಂತು.

ಸಂಜೆ ಮಾಲೀಕರು ಬಂದರು. ಮುಖ ಸುಟ್ಟ ಬದನೆಕಾಯಿ.

"ದಿನಾ ಈ ಹೊತ್ತಿಗೆ ಬೀದಿಯವರೆಲ್ಲ ಮಸಿ ಹಿಡಿದ ಬಟ್ಟೆ ತಂದು ಗುಡ್ಡೆ ಹಾಕ್ತಿದ್ರು. ಇವತ್ತು ಒಂದು ಕರ್ಚೀಫೂ ಬಂದಿಲ್ಲ. ನಾಳೆ ಹೊಗೆ ಕಾಣಲಿಲ್ಲವೋ, ನೀನು ಮನೇಲೇ ಇರು!"

ಹೊಗೆಯಣ್ಣ ತಲೆ ಕೆರೆದುಕೊಂಡ. ಆಮೇಲೆ ಉಸಿರು ಬಿಟ್ಟ. ಸದ್ಯ, ಕೆಲಸ ಉಳಿಯಿತಲ್ಲ. ಆ ಎಳೇ ಕಲ್ಲಿದ್ದಲಾದರೆ ಕಡ್ಡಿ ಗೀರಿದರೆ ಸಾಕು, ಹತ್ತಿಕೊಳ್ಳುತ್ತೆ.

ಗೋಡೆಯಾಚೆಯಿಂದ ಮೇಷ್ಟ್ರ ಅರ್ಧ ಮೀಸೆ ಮೇಲೆದ್ದಿತು. "ಭೇಷ್ ಕಣಯ್ಯ! ಇನ್ನು ನಿನ್ನನ್ನ ಹೊಗೆಯಣ್ಣ ಅನ್ನಲ್ಲ. ನಾಳೆ ಇಡೀ ಬೀದಿಯವರು ಕಂಬಳಿ, ಪರದೆ, ಹಾಸಿಗೆ ಬಟ್ಟೆ ಎಲ್ಲಾ ಒಗೆದು ಹೊರಗೆ ಒಣ ಹಾಕ್ತಿದೀವಿ!"

ಬೆಳಗಿನಿಂದ ಮೊದಲ ಸಲ ಮಾಲೀಕರ ಮುಖ ಅರಳಿತು. ಹೊಗೆಯಣ್ಣ ಎಳೇ ಕಲ್ಲಿದ್ದಲಿನ ಮೂಟೆ ಬಿಚ್ಚಿದ.