ನಮ್ಮನೆ ಲಾನ್ ಮೋವರ್ ಮುನಿಸಿಕೊಂಡದ್ದು

ಯಾವ ವಸ್ತುವಾದರೂ ಸರಿ, ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡದಿದ್ದರೆ ನನಗೆ ಊಟ ರುಚಿಸುವುದಿಲ್ಲ. ಮದುವೆಯಲ್ಲಿ ಮಾವನವರು ಕೊಟ್ಟ ಕೈಗಡಿಯಾರವನ್ನು ಬೀಗರೂಟದ ದಿನವೇ ಬಿಚ್ಚಿದ್ದೆ. ಅದು ಇವತ್ತಿಗೂ ಒಂದು ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಕ್ಷೇಮವಾಗಿದೆ.

ಎಂಬತ್ತರ ದಶಕದ ಮಾತು. ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ನಾನು ಮರಳೂರಿನಲ್ಲಿ ಮನೆ ಕಟ್ಟಿ, ಮುಂದುಗಡೆ ಒಂದಿಷ್ಟು ಹುಲ್ಲು ಬೆಳೆಸಿದ್ದೆ. ಅದನ್ನು ಲಾನ್ ಎಂದು ಕರೆಯುತ್ತಿದ್ದವನು ನಾನೊಬ್ಬನೇ. ಶಿರಾ ಗೇಟಿನ ಗುಜರಿ ಅಂಗಡಿಯಲ್ಲಿ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಪೆಟ್ರೋಲ್ ಲಾನ್ ಮೋವರ್ ಕಂಡಾಗ ಮನಸ್ಸು ತಡೆಯದೆ ತಂದುಬಿಟ್ಟೆ. ನನ್ನ ಹೆಂಡತಿ ಜಯಮ್ಮನಿಗೋ ಆ ಜಾಗದಲ್ಲಿ ದಂಟಿನ ಸೊಪ್ಪು ಹಾಕುವ ಆಸೆ. "ನಿಮ್ ಹುಲ್ಲನ್ನ ಹುಳಿ ಮಾಡಕ್ಕಾಗುತ್ತೇನ್ರೀ?" ಎನ್ನುತ್ತಿದ್ದಳು.

ಆಯುಧಪೂಜೆಗೆ ಮೋವರನ್ನೂ ತೊಳೆದು, ಕುಂಕುಮ ಹಚ್ಚಿ, ಮಾರುದ್ದದ ಚೆಂಡುಹೂವಿನ ಹಾರ ಹಾಕಿದೆವು. ಮಂಗಳಾರತಿಯಾದ ಮೇಲೆ ಹಾರದ ಸಮೇತ ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಹಾಯಿಸುವುದು ಶಾಸ್ತ್ರ ತಾನೆ? ಸ್ಟಾರ್ಟ್ ಮಾಡಿ ಹಾಯಿಸಿದೆ. ಗುರ್ ಎಂದು ನಿಂತುಹೋಯಿತು. ಶಾಸ್ತ್ರಕ್ಕೆ ಅಷ್ಟು ಸಾಕೆಂದು ಒಳಗೆ ಹೋಗಿ ಒಬ್ಬಟ್ಟು ತಿಂದು ಬಂದರೆ ಹಾರ ಮಾಯ! ಪಕ್ಕದ ಮನೆ ಹಸುವೇ ತಿಂದದ್ದೆಂದು ಜಯಮ್ಮ ಕಾಂಪೌಂಡಿನ ಈಚೆಯಿಂದಲೇ ಅವರ ಮಾನ ಹರಾಜು ಹಾಕಿದಳು.

ಮುಂದಿನ ಭಾನುವಾರ ಹಗ್ಗ ಎಳೆಯುತ್ತೇನೆ, ಬರುವುದೇ ಇಲ್ಲ. ಕಾಲು ಕೊಟ್ಟು ಎಳೆದೆ, ಭುಜ ಹಿಡಿದುಕೊಂಡಿತು. ಜಯಮ್ಮ ಸೊಪ್ಪಿನ ಬೀಜದ ಪೊಟ್ಟಣ ತಂದು ಕಿಟಕಿಯಲ್ಲಿಟ್ಟಳು. "ಇವತ್ತು ಸಂಜೆವರ್ಗೂ ಟೈಮು. ಆಮೇಲೆ ಗುದ್ದಲಿ ನಂದು."

ಅಷ್ಟರಲ್ಲಿ ಅವಳ ತಮ್ಮ ರಂಗಸ್ವಾಮಿ ಗುಬ್ಬಿಯಿಂದ ತೆಂಗಿನಕಾಯಿ ಹೊತ್ತು ಬಂದ. ತಾನೂ ಒಮ್ಮೆ ಎಳೆದು ಹುಲ್ಲಿನ ಮೇಲೆ ಕುಕ್ಕರಿಸಿದ. "ಭಾವ, ಪಿಸ್ಟನ್ ಹಿಡ್ಕೊಂಡೈತೆ. ನಮ್ ತೋಟದ ಪಂಪ್‌ಸೆಟ್ಟೂ ಹಿಂಗೇ ಆಗಿತ್ತು. ಗುಜರಿಗೇ ಹಾಕ್ಬುಡಿ."

ನನಗೆ ಅದೇ ಬೇಕಿತ್ತು, ಬಿಚ್ಚುವುದಕ್ಕೊಂದು ನೆಪ. ಮೊದಲು ಪ್ಲಗ್ ಕಳಚಿದೆ. ಒಳಗಿನ ಗಾಳಿ ಅಲ್ಲಿಂದ ಹೊರಗೆ ಹೋಗುವುದರಿಂದ ಹಗ್ಗ ಈಗ ಹಗುರಾಗಬೇಕು. ಊಹೂಂ! ಹಾಗಾದರೆ ಹಿಡಿದುಕೊಂಡಿರುವುದು ಮೇಲಿನ ಎಂಜಿನ್ನೋ, ಅದರ ಅಚ್ಚಿಗೇ ಕೂತ ಕೆಳಗಿನ ಬ್ಲೇಡೋ? ಪೆಟ್ರೋಲ್ ಖಾಲಿ ಮಾಡಿ ಯಂತ್ರವನ್ನು ಪಕ್ಕಕ್ಕೆ ಮಲಗಿಸಿ ಇಣುಕಿದೆ. ಹುಲ್ಲು ಕತ್ತರಿಸುವ ಬ್ಲೇಡಿನ ಬುಡಕ್ಕೆ ಹಳದಿಯದೇನೋ ಬಿಗಿಯಾಗಿ ಸುತ್ತಿಕೊಂಡಿತ್ತು.

"ಅಯ್ಯಯ್ಯೋ, ನಮ್ ಹಾರ ಕಣ್ರೀ!" ಎಂದಳು ಜಯಮ್ಮ. ಮರುಕ್ಷಣವೇ ಹಸು ನೆನಪಾಗಿ ಅವಳ ಮುಖ ಸಣ್ಣಗಾಯಿತು. ತಮ್ಮ ತಂದ ತೆಂಗಿನಕಾಯಿ ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಗೆ ನಡೆದಳು.

ದಾರ ಕತ್ತರಿಸಿ, ಪ್ಲಗ್ ಕೂರಿಸಿ, ಪೆಟ್ರೋಲ್ ಹಾಕಿ ಎಳೆದೆ. ಬೆಣ್ಣೆಯಂತೆ ಬಂತು ಹಗ್ಗ. ಎಂಜಿನ್ ಗುಡುಗಿತು. ಸಂಜೆಯೊಳಗೆ ಲಾನ್ ನುಣ್ಣಗಾಯಿತು, ಬೀಜದ ಪೊಟ್ಟಣ ಗೂಡು ಸೇರಿತು. ನನಗಾದ ಖುಷಿ ಹೇಳತೀರದು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಎಳೆದು ಬಿಟ್ಟ ಹಗ್ಗ ತಾನಾಗಿಯೇ ಒಳಗೆ ಹೇಗೆ ಸುತ್ತಿಕೊಳ್ಳುತ್ತದೆ? ಆ ವಾರವೆಲ್ಲ ಕಾರ್ಖಾನೆಯಲ್ಲೂ ಅದೇ ಯೋಚನೆ. ಭಾನುವಾರ ಮುಚ್ಚಳ ತೆಗೆದೆ. ಒಳಗೆ ಸುರುಳಿ ಸ್ಪ್ರಿಂಗ್ ಒಂದಿತ್ತು. ಇತ್ತು ಎಂದೇ ಹೇಳಬೇಕು, ಏಕೆಂದರೆ ಚಂಗನೆ ಹಾರಿ ಅಂಗಳದುದ್ದ ಬಿಚ್ಚಿಕೊಂಡ ಅದನ್ನು ಮತ್ತೆ ಒಳಗೆ ಸೇರಿಸಲು ನನ್ನಿಂದಾಗಲಿಲ್ಲ. ಅದೂ ಈಗ ಗಡಿಯಾರದ ಡಬ್ಬಿಯಲ್ಲೇ ಇದೆ.

ಲಾನ್ ಇದ್ದ ಜಾಗದಲ್ಲಿ ಜಯಮ್ಮ ಬೆಳೆಯುವ ದಂಟಿನ ಸೊಪ್ಪಿನ ಹುಳಿಯನ್ನು ನಾನು ಎರಡೆರಡು ಸಲ ಬಡಿಸಿಕೊಳ್ಳುತ್ತೇನೆ. ಚೆನ್ನಾಗಿದೆ ಎಂದು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.