ಬಲಗಡೆಯ ಕಂಬಕ್ಕೆ ಒಂಬೈನೂರು ರಾತ್ಲು

ತಪ್ಪು ಲೆಕ್ಕ ಕಂಡರೆ ಸುಮ್ಮನಿರಲು ನನ್ನಿಂದಾಗುವುದಿಲ್ಲ. ಇದು ಗುಣವೋ ರೋಗವೋ ನನಗೆ ತಿಳಿಯದು. ಹೆಣ್ಣುಮಕ್ಕಳಲ್ಲಿ ಕಂಡುಬಂದರೆ ರೋಗವೇ ಎಂದು ನಮ್ಮ ಹಿರಿಯರು ತೀರ್ಮಾನಿಸಿದ್ದರು. ನನ್ನನ್ನು ನೋಡಲು ಗಂಡಿನ ಕಡೆಯವರು ಮೂಡಬಿದ್ರೆಗೆ ಬಂದ ದಿನ ಹುಡುಗನ ಸೋದರಮಾವ, "ಬಂಟ್ವಾಳದಿಂದ ಬಸ್ಸು ಗಂಟೆಗೆ ಅರುವತ್ತು ಮೈಲು ಓಡಿತು. ಆದರೂ ಎರಡು ಗಂಟೆ ಹಿಡಿಯಿತು ನೋಡಿ" ಎಂದು ದಣಿವು ತೋಡಿಕೊಂಡರು. ಬಾಗಿಲ ಹಿಂದೆ ನಿಂತಿದ್ದ ನಾನು, "ಹಾಗಾದರೆ ನೀವೀಗ ಮೈಸೂರಿನ ಹತ್ತಿರ ಇರಬೇಕಿತ್ತು" ಎಂದುಬಿಟ್ಟೆ. ಅಮ್ಮ ನನ್ನ ತೋಳನ್ನು ಚಿವುಟಿದ್ದು ಮೂರು ದಿನ ನೀಲಿಗಟ್ಟಿತ್ತು. ಆದರೆ ಹುಡುಗ ಗಟ್ಟಿಯಾಗಿ ನಕ್ಕದ್ದು ನನಗೆ ಕೇಳಿಸಿತು. ಆ ಒಂದು ನಗುವಿಗೆ ನಾನು ಒಪ್ಪಿದೆ.

ಇವರು ಬಂಟ್ವಾಳದಲ್ಲಿ ಓವರ್‌ಸಿಯರ್. ರಸ್ತೆ, ಮೋರಿ, ಶಾಲೆಯ ಕಟ್ಟಡ ಎಂದು ಸೈಕಲ್ಲಿನಲ್ಲಿ ಬೆಳ್ತಂಗಡಿಯವರೆಗೆ ಅಲೆಯುವ ಕೆಲಸ. ಮೇಲಿನ ಹುದ್ದೆಗೆ ಹೋಗಬೇಕಾದರೆ ಇಲಾಖೆಯ ಪರೀಕ್ಷೆಯೊಂದು ಪಾಸಾಗಬೇಕು. ಇವರು ಅದರಲ್ಲಿ ಎರಡು ಸಲ ಬಿದ್ದಿದ್ದರು, ಎರಡು ಸಲವೂ ಸ್ಟ್ಯಾಟಿಕ್ಸಿನಲ್ಲಿ, ಅಂದರೆ ಭಾರ-ಬಲಗಳ ಲೆಕ್ಕದಲ್ಲಿ. ಮನೆಯಲ್ಲಿ ತುಳು, ಆಫೀಸಿನಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷು. ಬೀಳದೆ ಏನು ಮಾಡಿಯಾರು? ನಾನು ಮಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ಟಿಗೆ ಗಣಿತ ಓದಿದವಳು. ಮೂರನೆಯ ಸಲ ಅರ್ಜಿ ಹಾಕಿದಾಗ, "ಪುಸ್ತಕ ಇಲ್ಲಿ ಕೊಡಿ" ಎಂದೆ.

ದಿನಾ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಪಾಠ. ತೊಲೆಯ ಮೇಲೆ ಭಾರವಿದ್ದರೆ ಕೆಳಗಿನ ಕಂಬಗಳು ಅದನ್ನು ಎತ್ತಿ ಹಿಡಿಯಬೇಕಲ್ಲ, ಆ ಎತ್ತಿ ಹಿಡಿಯುವ ಬಲಕ್ಕೆ ರಿಯಾಕ್ಷನ್ ಎಂದು ಹೆಸರು. ಇದು ಇವರಿಗೆ ಅರ್ಥವಾಯಿತು. ಆಮೇಲೆ ಬಂತು ಮೊಮೆಂಟು.

"ಮೊಮೆಂಟ್ ಅಂದರೆ ಕ್ಷಣ ಅಲ್ಲವಾ?" ಎಂದು ಇವರು ಕೇಳಿದರು.

"ಇಲ್ಲಿ ಅಲ್ಲ. ಭಾರವನ್ನು ದೂರದಿಂದ ಗುಣಿಸಿದರೆ ಸಿಗುವುದು."

"ದೂರ ಯಾಕೆ ಮಾರಾಯ್ತಿ? ಭಾರ ಇರುವುದು ಅಲ್ಲೇ ಅಲ್ಲವಾ?"

ಎರಡು ವರ್ಷ ಇವರು ಎಲ್ಲಿ ಬಿದ್ದರೆಂಬುದು ನನಗೆ ಆಗ ತಿಳಿಯಿತು. "ಪುಸ್ತಕದ ಲೆಕ್ಕ ಬೇಡ. ನಿಮ್ಮದೇ ಕೆಲಸದ್ದು ಒಂದು ತನ್ನಿ, ಅದನ್ನು ಮಾಡುವ" ಎಂದೆ. ಇವರು ವೇಣೂರಿನ ಆಚೆಯ ಒಂದು ಶಾಲೆಯ ನಕ್ಷೆ ತಂದರು. ಶಾಲೆಯ ಮುಂಬಾಗಿಲ ಚಾವಡಿಯಲ್ಲಿ ಹನ್ನೆರಡು ಅಡಿ ಅಂತರದಲ್ಲಿ ಎರಡು ಕಂಬ, ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ನೀರಿನ ಟಾಂಕಿ. ತುಂಬಿದ ಟಾಂಕಿಗೆ ಸಾವಿರದ ಇನ್ನೂರು ರಾತ್ಲು, ಇಂಗ್ಲಿಷಿನವರ ಪೌಂಡು. ಕೊಳವೆಯ ಖರ್ಚು ಉಳಿಯಲಿ ಎಂದು ಟಾಂಕಿಯನ್ನು ಬಲಗಡೆಯ ಕಂಬದಿಂದ ಬರೇ ಮೂರು ಅಡಿ ದೂರದಲ್ಲಿ ಕೂರಿಸಿದ್ದರು. ಆ ಬಲಗಡೆಯ ಕಂಬವೋ ಹಳೇ ಕಟ್ಟಡದಿಂದ ಉಳಿದದ್ದು, ಮಣ್ಣಿನ ಗಾರೆಯದು, ಸೊಂಟದಲ್ಲಿ ಬಿರುಕು. ಅದಕ್ಕೆ ಏಳುನೂರು ರಾತ್ಲಿಗಿಂತ ಹೆಚ್ಚು ಹೊರಿಸಬಾರದು ಎಂದು ಎಂಜಿನಿಯರ್ ಸಾಹೇಬರೇ ಬರೆದಿದ್ದರು. ಕೆಳಗೆ ಅವರದೇ ಕೈಬರಹದಲ್ಲಿ: ಕಂಬಕ್ಕೆ ತಲಾ ಆರುನೂರು.

ನಾನು ಲೆಕ್ಕ ಹಾಕಿದೆ. ಎಡಕ್ಕೆ ಮುನ್ನೂರು, ಬಲಕ್ಕೆ ಒಂಬೈನೂರು. ಮತ್ತೆ ಹಾಕಿದೆ. ಅಷ್ಟೇ ಬಂತು.

"ಟಾಂಕಿಗೆ ನೀರು ತುಂಬಿಸುವುದು ಯಾವಾಗ?"

"ಬರುವ ಸೋಮವಾರ."

"ಮಕ್ಕಳು ನೀರು ಕುಡಿಯುವುದು ಎಲ್ಲಿ ನಿಂತು?"

ಇವರು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದರು. ನಳ್ಳಿ ಇದ್ದದ್ದು ಆ ಕಂಬದ ಬುಡದಲ್ಲೇ. "ಸಾಹೇಬರಿಗೆ ಹೇಳುವುದು ಹೇಗೆ? ಎದುರು ಮಾತಾಡಿದವನನ್ನು ಚಾರ್ಮಾಡಿ ಘಾಟಿಯ ಬುಡಕ್ಕೆ ವರ್ಗ ಹಾಕುತ್ತಾರೆ. ಜಿಗಣೆ ಕೀಳುತ್ತಾ ಕೂರಬೇಕಾದೀತು" ಎಂದರು.

"ಹಾಕಲಿ. ನಾನೂ ಬಂದು ಜಿಗಣೆಗಳಿಗೆ ಲೆಕ್ಕ ಕಲಿಸ್ತೇನೆ. ಶನಿವಾರ ಅವರನ್ನು ಊಟಕ್ಕೆ ಕರೆಯಿರಿ."

ಸಾಹೇಬರು ಘಟ್ಟದ ಮೇಲಿನವರು. ಒಳ್ಳೆಯ ಮನುಷ್ಯರೇ, ನಮ್ಮ ನೀರುದೋಸೆ ಎಂದರೆ ಪ್ರಾಣ. ಹದಿನಾಲ್ಕು ತಿಂದರು ಎಂದು ನಾನು ಹೇಳಬಾರದು, ಆದರೆ ಎಣಿಸದೆ ಇರಲು ನನ್ನಿಂದಾಗಲಿಲ್ಲ. ಕೈ ತೊಳೆದು ಜಗಲಿಗೆ ಬಂದಾಗ ನಕ್ಷೆಯನ್ನೂ ನನ್ನ ಲೆಕ್ಕದ ಹಾಳೆಯನ್ನೂ ಮುಂದಿಟ್ಟೆ. ಇವರು ತೆಂಗಿನಮರದ ತುದಿಯಲ್ಲಿ ಏನನ್ನೋ ಹುಡುಕತೊಡಗಿದರು.

ಸಾಹೇಬರು ಹಾಳೆ ನೋಡಿ ನಕ್ಕರು. "ಇದೆಲ್ಲಾ ನಿಮಗ್ಯಾಕಮ್ಮಾ? ಎರಡು ಕಂಬ ಇದೆ, ಎರಡು ಪಾಲು. ಇಬ್ಬರು ಗಂಡುಮಕ್ಕಳಿಗೆ ಆಸ್ತಿ ಹಂಚಲ್ವಾ, ಹಾಗೆ."

"ನಮ್ಮ ಕಡೆ ಆಸ್ತಿ ಗಂಡುಮಕ್ಕಳಿಗೆ ಹೋಗುವುದೇ ಇಲ್ಲ ಸಾರ್, ಅಕ್ಕತಂಗಿಯರ ಮಕ್ಕಳಿಗೆ ಹೋಗ್ತದೆ" ಎಂದೆ. "ಒಂದು ನಿಮಿಷ ಇಲ್ಲಿ ಬನ್ನಿ."

ಅಂಗಳದಲ್ಲಿ ಮೊದಲೇ ಒಂದು ಬಿದಿರಿನ ಕೋಲನ್ನೂ ನೀರು ತುಂಬಿದ ತಾಮ್ರದ ಕೊಡಪಾನವನ್ನೂ ಇಟ್ಟಿದ್ದೆ. ಕೊಡಪಾನದ ಕುತ್ತಿಗೆಗೆ ಹಗ್ಗ ಕಟ್ಟಿ ಕೋಲಿಗೆ ತೂಗಿಸಿ, ಒಂದು ತುದಿ ಇವರ ಹೆಗಲಿಗೆ, ಇನ್ನೊಂದು ತುದಿ ಸಾಹೇಬರ ಹೆಗಲಿಗೆ. ಊಟ ಹಾಕಿದ ಮನೆಯ ಹೆಂಗಸು ಕೇಳಿದರೆ ಆಗುವುದಿಲ್ಲ ಎನ್ನಲು ಅವರಿಗೆ ದಾಕ್ಷಿಣ್ಯ. ಕೊಡಪಾನ ನಡುವೆ ಇದ್ದಾಗ ಇಬ್ಬರೂ ನೆಟ್ಟಗೆ ನಿಂತರು. ನಾನು ಹಗ್ಗ ಹಿಡಿದು ಅದನ್ನು ಸಾಹೇಬರ ಕಡೆಗೆ ಸರಿಸುತ್ತಾ ಹೋದೆ. ಅವರ ಬಲ ಹೆಗಲು ಇಳಿಯಿತು, ಮುಖ ಕೆಂಪಾಯಿತು, ಹದಿನಾಲ್ಕು ದೋಸೆಗಳು ನೆನಪಾದಂತೆ ಒಂದು ತೇಗು ಬಂತು. ಇವರ ಮುಖದಲ್ಲಿ ಮಾತ್ರ ಒಮ್ಮೆಗೇ ಬೆಳಕು.

"ಹೋ! ದೂರ ಅಂದರೆ ಇದಾ!" ಎಂದು ಕೂಗಿದರು.

"ಈಗಲೂ ಅರ್ಧರ್ಧವೇ ಸಾರ್?" ಎಂದೆ.

"ಇದು ಹೆಗಲಮ್ಮಾ. ಅದು ಕಂಬ" ಎಂದರು ಸಾಹೇಬರು, ಏದುಸಿರು ಬಿಡುತ್ತಾ.

ಅಷ್ಟರಲ್ಲಿ ನಮ್ಮ ಅತ್ತೆ ಬಾಗಿಲಿಗೆ ಬಂದರು. ಸೊಸೆಯ ಪಕ್ಷ ಅವರು ಅದುವರೆಗೆ ವಹಿಸಿದ್ದಿಲ್ಲ. "ನನಗೆ ಅಕ್ಷರ ಬಾರದು" ಎಂದು ತುಳುವಿನಲ್ಲಿ ಹೇಳಿದರು, "ಆದರೆ ಹೆಗಲು ನೊಂದರೆ ಬಾಯಿ ಬಿಟ್ಟು ಹೇಳ್ತದೆ. ಕಂಬ ಹೇಳುವುದಿಲ್ಲ, ಬೀಳ್ತದೆ." ಸಾಹೇಬರಿಗೆ ತುಳು ಬಾರದು. ಇವರು ಅನುವಾದಿಸಲು ಹೆದರಿದರು. ನಾನು ಹೆದರಲಿಲ್ಲ, ಒಂದು ಅಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. "ಟಾಂಕಿ ಸರಿಸದಿದ್ದರೆ ಸೋಮವಾರ ನಾನೇ ಆ ಕಂಬದ ಬುಡದಲ್ಲಿ ಕೂತುಕೊಳ್ತೇನೆ ಸಾರ್. ಮೊದಲು ನನ್ನ ಮೇಲೆ ಬೀಳಲಿ" ಎಂದೂ ಸೇರಿಸಿದೆ.

ಸಾಹೇಬರು ಕೋಲು ಇಳಿಸಿ, ಟೋಪಿ ತೆಗೆದುಕೊಂಡು ಜೀಪು ಹತ್ತಿದರು. ಇವರು ಆ ಸಂಜೆಯೇ ಟ್ರಂಕಿನ ಧೂಳು ಒರೆಸಿದರು, ಚಾರ್ಮಾಡಿಗೆ ಬೇಕಾಗುತ್ತದೆಂದು.

ವರ್ಗದ ಕಾಗದ ಬರಲಿಲ್ಲ. ಸೋಮವಾರ ಬೆಳಿಗ್ಗೆ ಶಾಲೆಗೆ ಒಂದು ಅಪ್ಪಣೆ ಬಂತು: ನೋಟಕ್ಕೆ ಅಂದವಾಗಿರಲೆಂದು ಟಾಂಕಿಯನ್ನು ತೊಲೆಯ ಸರಿಮಧ್ಯಕ್ಕೆ ಸರಿಸತಕ್ಕದ್ದು. ನೋಟಕ್ಕೆ ಅಂದವಂತೆ! ಮಧ್ಯದಲ್ಲಿ ಕೂತರೂ ಟಾಂಕಿ ಟಾಂಕಿಯೇ. "ಲೆಕ್ಕ ತಪ್ಪಿತ್ತು ಎಂದು ಬರೆಸಿಕೊಂಡು ಬನ್ನಿ" ಎಂದು ನಾನು ಹಟ ಹಿಡಿದೆ. ಇವರು ಕೈಮುಗಿದರು. ಮಕ್ಕಳ ತಲೆ ಉಳಿಯಿತಲ್ಲ ಎಂದು ಬಿಟ್ಟೆ. ಪೂರ್ತಿ ಬಿಟ್ಟಿಲ್ಲ, ಇಲ್ಲದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆಗೆ ಒಳ್ಳೆಯದಿತ್ತು. ಆದರೆ ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಇವರು ನನ್ನ ಆ ಹಾಳೆಯನ್ನೇ ಹಿಡಿದುಕೊಂಡು ಅಡುಗೆಮನೆಗೆ ಬಂದರು. "ಹೌದಾ, ಇದರಲ್ಲಿ ತೊಲೆಯ ತೂಕ ಎಲ್ಲಿ ಉಂಟು? ಇನ್ನೂರು ರಾತ್ಲಾದರೂ ಇದ್ದೀತು. ಕಂಬಕ್ಕೆ ತಲಾ ನೂರು. ಹಾಗಾದರೆ ಟಾಂಕಿ ಮಧ್ಯದಲ್ಲಿದ್ದರೂ ಆ ಹಳೇ ಕಂಬಕ್ಕೆ ಸರಿಯಾಗಿ ಏಳುನೂರಾಯ್ತಲ್ಲ?"

ನನ್ನ ಕೈಯ ಸೌಟು ನಿಂತಿತು. ಕಾಲೇಜಿನ ಪುಸ್ತಕದ ತೊಲೆಗಳಿಗೆ ತೂಕವೇ ಇರುತ್ತಿರಲಿಲ್ಲ. ಈ ತೊಲೆಗೆ ಇದ್ದೀತು ಎಂದು ನನಗೆ ಹೊಳೆದೇ ಇರಲಿಲ್ಲ. ಸಾರನ್ನು ಒಮ್ಮೆ ತಿರುವಿ, "ಅದನ್ನು ನೀವೇ ಕಂಡುಹಿಡಿಯಲಿ ಅಂತ ಬಿಟ್ಟದ್ದು" ಎಂದೆ.

ಇವರು ಅಂದೇ ಹೋಗಿ, ಈ ಸಲ ಒಬ್ಬರೇ ಸಾಹೇಬರ ಎದುರು ನಿಂತು, ಆ ಕಂಬವನ್ನು ಸುಣ್ಣದ ಗಾರೆಯಲ್ಲಿ ಹೊಸದಾಗಿ ಕಟ್ಟಿಸಿದರು. ಆ ವರ್ಷ ಪರೀಕ್ಷೆಯೂ ಪಾಸಾಯಿತು. ಮನೆಗೆ ಬಂದವರಿಗೆಲ್ಲ ಇವರು ಈಗಲೂ ಹೇಳುತ್ತಾರೆ: "ಇವಳು ಕಲಿಸುವ ಕ್ರಮವೇ ಬೇರೆ. ಬೇಕೆಂದೇ ಒಂದು ತಪ್ಪು ಬಿಡ್ತಾಳೆ." ತಪ್ಪು ಲೆಕ್ಕ ಕಂಡರೆ ಸುಮ್ಮನಿರಲಾಗದ ನಾನು ಆಗ ಮಾತ್ರ ಬಂದವರಿಗೆ ಕಾಫಿ ತರಲು ಒಳಗೆ ಹೋಗುತ್ತೇನೆ.